ಬಿಲ್ಲು ಹಳೆಯದಾದರೆ ಬೇಟೆ ಧರ್ಮವಾಗುವುದೇ?

ಕಳೆದ ತಿಂಗಳು ಮೂಡಬಿದಿರೆಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಬೆಳ್ತಂಗಡಿಯ ಹುಡುಗ, ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಜಿನಿಯರ್. "ಸರ್, ಕಾಂಪೌಂಡ್ ಬಿಲ್ಲನ್ನು ಮಾರಿಬಿಟ್ಟೆ. ಈ ಸಲ ಜಿಂಕೆ ಬೇಟೆಗೆ ಮರದ ಬಿಲ್ಲು, ನಮ್ಮ ಹಿರಿಯರ ಹಾಗೆ" ಎಂದ. ಅಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವುದು ಕಾನೂನುಬದ್ಧ. ತಡೆಯಲು ನಾನು ಯಾರು? ಆದರೆ ಜೊತೆಯಲ್ಲಿದ್ದ ಬಂಟ್ವಾಳದ ನನ್ನ ಸೋದರಳಿಯ, "ಮಾವಾ, ತೋಟಕ್ಕೆ ಬರುವ ಹಂದಿಗಳಿಗೂ ಇದೇ ಸರಿ. ಕೋವಿಯ ಸದ್ದಿಲ್ಲ, ಸಂಪ್ರದಾಯವೂ ಹೌದು" ಎಂದಾಗ ಸುಮ್ಮನಿರಲಾಗಲಿಲ್ಲ. ಅಂದು ಹೇಳಿದ್ದನ್ನೇ ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಲ್ಲಿನ ವಿಚಾರ. ಕಾಂಪೌಂಡ್ ಬಿಲ್ಲು ಅಮೆರಿಕದ ಹೋಲಿಸ್ ಆಲನ್ ಎಂಬವರಿಗೆ ೧೯೬೯ರಲ್ಲಿ ಪೇಟೆಂಟ್ ದೊರೆತ ಸಾಧನ. ಅದರ ತುದಿಗಳಲ್ಲಿರುವ ರಾಟೆಗಳು ಭಾರವನ್ನು ತಾವೇ ಹೊರುತ್ತವೆ. ೬೦ ಪೌಂಡ್ ಸೆಳೆತದ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಕೈಗೆ ಉಳಿಯುವುದು ೧೨ರಿಂದ ೧೫ ಪೌಂಡ್ ಮಾತ್ರ. ಮರದ ಬಿಲ್ಲಿನಲ್ಲಾದರೋ ಎಳೆದಷ್ಟೂ ಭಾರ ಏರುತ್ತದೆ. ಪೂರ್ತಿ ಎಳೆದಾಗ ಪೂರ್ತಿ ಭಾರ ಬೆರಳುಗಳ ಮೇಲೆ. ಬಾಣದ ವೇಗವೂ ಕಡಿಮೆ. ಆದ್ದರಿಂದ ಬೇಟೆಗಾರನು ಸುಮಾರು ೨೦ ಗಜದೊಳಗೆ ಸಮೀಪಿಸಬೇಕು, ವರ್ಷವಿಡೀ ಅಭ್ಯಾಸ ಮಾಡಬೇಕು, ಸಿಕ್ಕಿದ ಅವಕಾಶಗಳಲ್ಲಿ ಹೆಚ್ಚಿನವನ್ನು ಬಿಟ್ಟುಕೊಡಬೇಕು. ಈ ಸಂಯಮವೇ ಹಳೆಯ ಬಿಲ್ಲಿನ ಹಿರಿಮೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಸಂಯಮವಿಲ್ಲದವನ ಕೈಯಲ್ಲಿ ಅದೇ ಬಿಲ್ಲು ಕ್ರೌರ್ಯದ ಸಾಧನ. ಗುರಿ ತಪ್ಪಿದರೆ ಬೇಟೆಗಾರನಿಗೆ ನಷ್ಟವಾಗುವುದು ಒಂದು ಬಾಣ. ನೋವು ತಿನ್ನುವುದು ಪ್ರಾಣಿ. ನಾನು ಐದನೆಯ ತರಗತಿಯಲ್ಲಿದ್ದಾಗ ಅಜ್ಜನ ಮನೆಯ ತೋಡಿನ ಬದಿಯಲ್ಲಿ ಗುಂಡು ತಗುಲಿದ ಕಡವೆಯೊಂದು ಬಂದು ಬಿದ್ದಿತ್ತು. ಹೊಡೆದವರಾರೂ ಹುಡುಕಿಕೊಂಡು ಬರಲಿಲ್ಲ. ಅಡಿಕೆ ಹಾಳೆಯಲ್ಲಿ ನೀರಿಟ್ಟೆ, ಮುಟ್ಟಲಿಲ್ಲ. ಎರಡನೆಯ ದಿನ ಸಂಜೆ ಸತ್ತಿತು. ಕೋವಿಯಿಂದಲೇ ಹಾಗಾಗುವುದಾದರೆ ಅರೆಬರೆ ಕಲಿತ ಬಿಲ್ಲಿನಿಂದ ಏನಾದೀತು? ಸಂಪ್ರದಾಯ ಮತ್ತು ನೋವಿಲ್ಲದ ಸಾವು ಇವೆರಡರಲ್ಲಿ ಒಂದನ್ನು ಆರಿಸಲೇಬೇಕಾದರೆ, ಕೈ ಪಳಗುವ ತನಕ ಕಾಂಪೌಂಡ್ ಬಿಲ್ಲೇ ಜಿಂಕೆಗೆ ದಯಾಳು ಎಂದು ಆ ಶಿಷ್ಯನಿಗೆ ಹೇಳಿದೆ.

"ಹಿರಿಯರ ಹಾಗೆ" ಎಂಬ ಮಾತಿಗೂ ಉತ್ತರ ಬೇಕು. ನನ್ನ ಬಾಲ್ಯದಲ್ಲಿ ನಮ್ಮೂರಿನ ಬೋಂಟೆಗೆ ಹೊರಟವರ ಬಳಿ ಕಂಡದ್ದು ಬಲೆ, ನಾಯಿ ಮತ್ತು ಕೋವಿ. ಬಿರು-ಪಗರಿ ನಮಗೆ ಬಿದಿರಿನ ಆಟಿಕೆಯಾಗಿತ್ತು. ಇನ್ನು ಪುರಾಣದ ಹಿರಿಯರೇ? ದಶರಥನ ಶಬ್ದವೇಧಿ ವಿದ್ಯೆಗೆ ಸಾಟಿಯಿರಲಿಲ್ಲ. ಬಿಲ್ಲೂ ಹಳೆಯದೇ, ಕೌಶಲವೂ ಪೂರ್ಣವೇ. ಆದರೂ ಕಣ್ಣಾರೆ ಕಾಣದೆ ಬಿಟ್ಟ ಒಂದು ಬಾಣ ಶ್ರವಣನನ್ನು ಕೊಂದಿತು. ಜಿಂಕೆಗಳ ಜೋಡಿಯ ಮೇಲೆ ಬಾಣ ಬಿಟ್ಟ ಪಾಂಡುವಿಗೆ ಶಾಪವೇ ಫಲವಾಯಿತು. ಬಾಣ ಬಿಡುವ ಮೊದಲು ಯೋಚಿಸು ಎಂಬುದನ್ನೇ ಹಿರಿಯರು ನಮಗೆ ಕಲಿಸಿದ್ದು.

ಸೋದರಳಿಯನಿಗೆ ಹೇಳಿದ್ದು ಇನ್ನೂ ಕಟುವಾಗಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳಿಡುವುದು, ಅದಕ್ಕೆ ಯತ್ನಿಸುವುದೂ ಬೇಟೆಯೇ. ೨೦೨೨ರ ತಿದ್ದುಪಡಿಯಲ್ಲಿ ಕಾಡುಹಂದಿಯನ್ನು ಎರಡನೆಯ ಅನುಸೂಚಿಗೆ ಸೇರಿಸಲಾಗಿದೆ. ಅನುಮತಿಯಿಲ್ಲದೆ ಕೊಂದವನು ಜೈಲು ಕಾಣಬೇಕಾದೀತು. ಆಗ ಬಿಲ್ಲು ಮರದ್ದೇ, ಕಬ್ಬಿಣದ್ದೇ ಎಂದು ಯಾರೂ ಕೇಳರು. ಅಡಿಕೆ, ಬಾಳೆ ಹಾಳಾಗುವ ಸಂಕಟ ನನಗೂ ಗೊತ್ತು. ಬೇಲಿ ಗಟ್ಟಿ ಮಾಡು, ಬೆಳೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡು. ಸದ್ದಾಗುವುದಿಲ್ಲ ಎಂಬ ಕಾರಣಕ್ಕೆ ಆರಿಸಿದ ಆಯುಧವನ್ನು ಸಂಪ್ರದಾಯವೆಂದು ಕರೆಯಬೇಡ. ಅದು ಕಳ್ಳತನದ ಜಾಣತನ.

ಬಿಲ್ವಿದ್ಯೆ ಬೇಕೆಂದರೆ ಗುರಿಹಲಗೆಯಿದೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆಂದೇ 'ಇಂಡಿಯನ್ ರೌಂಡ್' ಎಂಬ ವಿಭಾಗವಿದೆ. ೩೦ ಮತ್ತು ೫೦ ಮೀಟರ್ ದೂರದ ಗುರಿ. ಅಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಜೀವ ಹೋಗುವುದಿಲ್ಲ.

ಸೋದರಳಿಯ ಮುಖ ಊದಿಸಿಕೊಂಡೇ ಹೋದ. ಶಿಷ್ಯ ಕಾಲಿಗೆರಗಿ ಹೊರಟಾಗ ಹೇಳಿದೆ: "ಮುಂದಿನ ಸಲ ಬಂದಾಗ ಎಷ್ಟು ಜಿಂಕೆ ಹೊಡೆದೆ ಎಂದು ಕೇಳುವುದಿಲ್ಲ. ಎಷ್ಟು ಬಾಣಗಳನ್ನು ಬಿಡದೆ ಬತ್ತಳಿಕೆಗೆ ಹಿಂತಿರುಗಿಸಿದೆ ಎಂದು ಕೇಳುತ್ತೇನೆ."