ಗೋಡೆಯೇ ಹಿಂದೆ ಸರಿಯಿತು

ಲಗ್ನಕ್ಕೆಂದು ಬೆಂಗಳೂರಿಗೆ ಹೋದವರು ಸೀರೆಯಂಗಡಿ ನೋಡದೆ ಮರಗಳನ್ನು ನೋಡಿ ಬಂದರೆ ಊರವರು ನಗುವುದು ಸಹಜ. ಆ ನಗೆಗೆ ಈಡಾದವರು ನಾನು ಮತ್ತು ನಮ್ಮ ಅವ್ವ.

ನಮ್ಮ ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. ಸುತ್ತಲೂ ಎರೆಭೂಮಿ, ಜೋಳ, ಕಡಲೆಗಳಿಗೆ ಹೇಳಿ ಮಾಡಿಸಿದ ನೆಲ. ಇಲ್ಲಿ ಹಿತ್ತಿಲಲ್ಲೊಂದು ಬೇವಿದ್ದರೆ ಬೇಸಗೆಯಲ್ಲಿ ಅದೇ ಭಾಗ್ಯ. ನಮ್ಮ ಹಿತ್ತಿಲಲ್ಲಿಯೂ ಒಂದಿದೆ. ಅದರ ಬೇರು ಗೋಡೆಯನ್ನು ಸೀಳಿತೆಂದು ತಮ್ಮ ಕೊಡಲಿ ಮಸೆದಿದ್ದ. ಕಡಿಯಕೂಡದೆಂದು ಅವ್ವ. ನಿಜ ಹೇಳುವುದಾದರೆ, ನಾನು ತಮ್ಮನ ಪಕ್ಷದವನು.

ಲಗ್ನದ ಮರುದಿನ ಇಬ್ಬರೂ ಲಾಲ್‌ಬಾಗಿಗೆ ಹೋದೆವು. 1760ರಲ್ಲಿ ಹೈದರಾಲಿ ತೊಡಗಿಸಿ ಟಿಪ್ಪು ಬೆಳೆಸಿದ ಈ ತೋಟ ಒಂದು ಕಾಲಕ್ಕೆ ಊರ ಹೊರಗಿತ್ತು. ಅಲ್ಲಿಯ ಬಂಡೆಯ ಮೇಲಿರುವ ಕೆಂಪೇಗೌಡರ ಗೋಪುರ ಅಂದಿನ ಅಂಚನ್ನು ಇಂದಿಗೂ ನೆನಪಿಸುತ್ತದೆ. ನಗರವು ಗೋಪುರವನ್ನು ದಾಟಿ ಹರದಾರಿಗಟ್ಟಲೆ ಹರಿದುಹೋಗಿದೆ. 240 ಎಕರೆಯ ತೋಟ ಮಾತ್ರ ನಡುವೆ ಉಳಿದಿದೆ. ತಾನಾಗಿ ಉಳಿದುದಲ್ಲ, ಕಾಯುವವರಿದ್ದರು. 1856ರಲ್ಲಿ ಅದು ಸರಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಕ್ಯಾಮರಾನ್ ಹೊರನಾಡುಗಳ ಗಿಡಗಳನ್ನು ತರಿಸಿದರು. ನಾವು ಪಲ್ಯ ಮಾಡುವ ಸೀಮೆಬದನೆಯೂ ಅವರ ಕಾಲದಲ್ಲಿ ಬಂದದ್ದೆನ್ನುತ್ತಾರೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಒಂದರ ಹಿಂದೊಂದು ಹೂ ಬಿಡುವಂತೆ ಮರಗಳನ್ನು ಆರಿಸಿ ನಗರದ ಬೀದಿಗಳಲ್ಲಿ ನೆಡಿಸಿದರು. 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಣು ಮುಚ್ಚಿದರು.

ಫಲಕಗಳ ಮೇಲಿನ ಶಾಸ್ತ್ರೀಯ ಹೆಸರುಗಳನ್ನು ನಾನು ಓದುತ್ತ ಹೋದೆ. ಬೇವಿಗೆ 'ಅಜಾಡಿರಾಕ್ಟಾ ಇಂಡಿಕಾ' ಎನ್ನುತ್ತಾರೆಂದು ತಿಳಿಸಿದಾಗ ಅವ್ವ ನಕ್ಕಳು: "ನಮ್ಮ ಬೇವಿಗೆ ಇಷ್ಟುದ್ದ ಹೆಸರೈತಿ ಅಂತ ಗೊತ್ತಿದ್ದಿಲ್ಲಪಾ."

ಮುಂದೆ ಮುದಿ ಬಿಳಿಬೂರುಗವೊಂದು ಎದುರಾಯಿತು. ಅದರ ಬುಡದ ಬೇರುಗಳೇ ಗೋಡೆಗಳಂತೆ ಎದ್ದು ನಿಂತಿವೆ. ಅವ್ವ ಬಹಳ ಹೊತ್ತು ನೋಡಿ, "ಇದಕ್ಕ ಯಾರ ಗ್ವಾಡಿನೂ ಅಡ್ಡ ಬರಲಿಲ್ಲೇನು, ತಮ್ಮಾ?" ಎಂದಳು.

"ಇಲ್ಲಿ ಮರ ಬಿಟ್ಟು ದೂರ ಗೋಡೆ ಕಟ್ಟತಾರವ್ವಾ" ಎಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವ್ವ ಮರುಮಾತಾಡಲಿಲ್ಲ.

ರಾತ್ರಿಯ ರೈಲಿನಲ್ಲಿ ನಿದ್ದೆ ಹತ್ತಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಓಣಿಗೆ ನುಗ್ಗಿದಾಗ ಹಗ್ಗದ ಒಂದು ತುದಿಯನ್ನು ಬಿಗಿದದ್ದು ಆ ಬೇವಿಗೆ. ಆ ಹಗ್ಗ ಹಿಡಿದೇ ಅವ್ವನನ್ನೂ ಮಕ್ಕಳನ್ನೂ ದಾಟಿಸಿದ್ದೆವು. ಅಂದು ಆ ಗೋಡೆ ನಮಗೆ ಆಸರೆಯಾಗಿರಲಿಲ್ಲ.

ಊರಿಗೆ ಬಂದು ಗೌಂಡಿಯನ್ನು ಕರೆಸಿದೆ. ಆತ ಬಿರುಕನ್ನು ನೋಡಿ, ತಪ್ಪೆಲ್ಲ ಬೇರಿನದಲ್ಲವೆಂದ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಆಳವಾದ ಬುನಾದಿಯಿಲ್ಲದ ಗೋಡೆ ಮರವಿಲ್ಲದ ಕಡೆಯೂ ಸೀಳುತ್ತದೆ. ನಾವು ವರ್ಷಗಟ್ಟಲೆ ಮಣ್ಣಿನ ತಪ್ಪನ್ನು ಮರದ ಮೇಲೆ ಹೊರಿಸಿದ್ದೆವು!

ಗೋಡೆಯನ್ನು ಬುಡದಿಂದ ದೂರಕ್ಕೆ ಸರಿಸಿ, ಬುನಾದಿ ಆಳಗೊಳಿಸಿ ಕಟ್ಟಿಸಿದೆವು. ಹಿತ್ತಿಲು ಕಿರಿದಾಯಿತೆಂದು ತಮ್ಮ ಇನ್ನೂ ಗೊಣಗುತ್ತಾನೆ. ಆದರೆ ಮಧ್ಯಾಹ್ನದ ಬಿಸಿಲಿಗೆ ಆತ ಹಾಸಿಗೆ ಹಾಸುವುದು ಎಲ್ಲಿ ಎಂಬುದನ್ನು, ವಾಚಕರೇ, ನಾನು ಹೇಳಬೇಕಾಗಿಲ್ಲ.