ಬಂದೂಕಿನ ಯಾವ ಭಾಗ ಬಂದೂಕು?

ನಮ್ಮ ಕಾಲೇಜು ದಿನಗಳಲ್ಲಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಪ್ರೊಸೆಸರ್ ಒಂದು ಅಂಗಡಿಯಲ್ಲಿ, ರ‍್ಯಾಮ್ ಇನ್ನೊಂದು ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದು ಕಂಪ್ಯೂಟರ್ ಜೋಡಿಸ್ತಿದ್ದೆವಲ್ಲ, ಅಮೆರಿಕದಲ್ಲಿ ಹಾಗೆಯೇ ರೈಫಲ್ ಜೋಡಿಸಿಕೊಳ್ಳುವವರ ದೊಡ್ಡ ಬಳಗವೇ ಇದೆ. ಬ್ಯಾರೆಲ್ ಒಂದು ಕಂಪನಿಯದ್ದು, ಟ್ರಿಗರ್ ಇನ್ನೊಂದರದ್ದು, ಹೆಗಲಿಗೆ ಆನಿಸುವ ಹಿಂಭಾಗ ಮತ್ತೊಂದರದ್ದು.

ಇದಕ್ಕೆಲ್ಲ ಬುನಾದಿ ಎಆರ್-15. 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿದ್ದ ಯೂಜೀನ್ ಸ್ಟೋನರ್ ರೂಪಿಸಿದ ವಿನ್ಯಾಸ. 1970ರ ದಶಕದಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ತಯಾರಿಸಬಹುದು ಅಂತಾಯಿತು. ಅಳತೆಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಬ್ಬರ ಭಾಗ ಇನ್ನೊಬ್ಬರದ್ದಕ್ಕೆ ಕೂರುತ್ತದೆ. ಎಂಜಿನಿಯರ್ ಕಣ್ಣಿಗೆ ಇದು ಒಳ್ಳೆಯ ವಿನ್ಯಾಸ. ಕಾನೂನಿಗೆ ಮಾತ್ರ ದೊಡ್ಡ ತಲೆನೋವು.

ಯಾಕಂದ್ರೆ ಈ ಭಾಗಗಳಲ್ಲಿ 'ಬಂದೂಕು' ಯಾವುದು? 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಬಂದೂಕಿನ ಚೌಕಟ್ಟು ಅಥವಾ 'ರಿಸೀವರ್' ಕೂಡ ಬಂದೂಕೇ. ಎಆರ್-15ರಲ್ಲಿ ಅದು ಟ್ರಿಗರ್ ಕೂರುವ ಕೆಳಗಿನ ಅಲ್ಯೂಮಿನಿಯಂ ಕವಚ, 'ಲೋವರ್'. ಸೀರಿಯಲ್ ನಂಬರ್ ಇರೋದು ಅದರ ಮೇಲೆ. ಡೀಲರ್ ನಿಮ್ಮ ಹಿನ್ನೆಲೆ ಪರಿಶೀಲಿಸೋದು ಅದನ್ನು ಕೊಳ್ಳುವಾಗ. ಗುಂಡು ಸಾಗುವ ಬ್ಯಾರೆಲ್, ಫೆಡರಲ್ ಕಾನೂನಿನ ಕಣ್ಣಲ್ಲಿ ಬರೀ ಕೊಳವೆ. ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ.

ಇದರಲ್ಲೂ ಒಂದು ಎಡವಟ್ಟಿತ್ತು. ಹಳೇ ನಿಯಮದ ಪ್ರಕಾರ ರಿಸೀವರ್ ಅಂದರೆ ಹ್ಯಾಮರ್, ಬೋಲ್ಟ್, ಗುಂಡು ಹಾರಿಸುವ ಯಂತ್ರಾಂಗ ಎಲ್ಲವನ್ನೂ ಹಿಡಿದಿಡುವ ಭಾಗ. ಎಆರ್-15ರಲ್ಲಿ ಬೋಲ್ಟ್ ಇರೋದು ಮೇಲರ್ಧದಲ್ಲಿ, ಹ್ಯಾಮರ್ ಕೆಳಗರ್ಧದಲ್ಲಿ. ಅಂದರೆ ದೇಶದ ಅತಿ ಜನಪ್ರಿಯ ರೈಫಲ್‌ಗೇ ವ್ಯಾಖ್ಯೆ ಹೊಂದುತ್ತಿರಲಿಲ್ಲ! 2019ರಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣವೊಂದರಲ್ಲಿ ನ್ಯಾಯಾಧೀಶರು ಇದನ್ನೇ ಎತ್ತಿದಾಗ, ಅದು ಅಧಿಕೃತ ತೀರ್ಪಾಗಿ ನಿಂತುಬಿಟ್ಟೀತು ಎಂಬ ಭಯಕ್ಕೆ ಸರ್ಕಾರಿ ವಕೀಲರು ಆರೋಪಿಯ ಜೊತೆ ರಾಜಿಗೆ ಇಳಿದರು.

ಇದರ ಪಕ್ಕದಲ್ಲೇ ಇನ್ನೊಂದು ಕಂಡಿ ತೆರೆದುಕೊಂಡಿತ್ತು. ಕವಚವನ್ನು ಪೂರ್ತಿ ಮಾಡದೆ, ಒಂದಿಷ್ಟು ಕೆಲಸ ಬಾಕಿ ಉಳಿಸಿ ಮಾರಿದರೆ ಅದು ಬಂದೂಕಲ್ಲ, ಲೋಹದ ತುಂಡು ಎಂಬ ವಾದ. ನಂಬರ್ ಇಲ್ಲ, ಪರಿಶೀಲನೆ ಇಲ್ಲ. 'ಘೋಸ್ಟ್ ಗನ್' ಹುಟ್ಟಿದ್ದೇ ಹೀಗೆ. ಪೊಲೀಸರು ಮೂಲ ಪತ್ತೆಗೆಂದು ಕಳಿಸಿದ ಇಂಥ ಬಂದೂಕುಗಳು 2017ರಲ್ಲಿ ಸುಮಾರು 1,600. 2021ರಲ್ಲಿ 19,000ಕ್ಕೂ ಹೆಚ್ಚು. ಕೊಲೆಯಾದ ಜಾಗದಲ್ಲಿ ಬಂದೂಕು ಸಿಕ್ಕರೂ ಕೊಂಡವರು ಯಾರು ಅಂತ ಕೇಳೋಕೆ ದಾಖಲೆಯೇ ಇರಲ್ಲ.

2022ರಲ್ಲಿ ಬೈಡನ್ ಸರ್ಕಾರ ವ್ಯಾಖ್ಯೆ ಬದಲಿಸಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನು ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೋರ್ಸಚ್ ಕೊಟ್ಟ ಉದಾಹರಣೆ ಮಜವಾಗಿದೆ: ಐಕಿಯಾದಿಂದ ಬಿಡಿಬಿಡಿಯಾಗಿ ತಂದ ಟೇಬಲ್ಲನ್ನೂ ನಾವು ಟೇಬಲ್ ಅಂತಲೇ ಕರೀತೀವಲ್ಲ. ತರ್ಕ ಸರಿ. ಆದರೆ ಗೆದ್ದದ್ದು ಅರ್ಧ ಮಾತ್ರ. ನಿಯಮ ಸಾರಾಸಗಟಾಗಿ ಅಸಿಂಧುವಲ್ಲ ಎಂದಷ್ಟೇ ಕೋರ್ಟ್ ಹೇಳಿದ್ದು. ಎಷ್ಟು ಕೆಲಸ ಬಾಕಿಯಿದ್ದರೆ ಅದು ತುಂಡು, ಎಷ್ಟಾದರೆ ಬಂದೂಕು ಎಂಬ ಜಗಳ ಒಂದೊಂದು ಕಿಟ್‌ಗೂ ಮತ್ತೆ ಮತ್ತೆ ನಡೆಯಬಹುದು. ಜೊತೆಗೆ ಆಡಳಿತ ಬರೆದ ನಿಯಮವನ್ನು ಆಡಳಿತವೇ ಅಳಿಸಬಹುದು. ತೀರ್ಪಿಗೆ ಮೊದಲೇ, ಫೆಬ್ರವರಿಯಲ್ಲೇ, ಬೈಡನ್ ಕಾಲದ ಬಂದೂಕು ನಿಯಮಗಳ ಮರುಪರಿಶೀಲನೆಗೆ ಟ್ರಂಪ್ ಆದೇಶಿಸಿದ್ದರು.

ಬ್ಯಾರೆಲ್ ಆರಿಸುವವರಿಗೆ ಇನ್ನೊಂದು ಗೆರೆ ಇದೆ: 16 ಇಂಚು. ಅದಕ್ಕಿಂತ ಗಿಡ್ಡವಾದರೆ 1934ರ ಕಾಯ್ದೆಯಂತೆ ನೋಂದಣಿ ಮತ್ತು 200 ಡಾಲರ್ ತೆರಿಗೆ. 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ. 1937ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಉಳಿಸಿದ್ದೇ 'ಇದೊಂದು ತೆರಿಗೆ' ಎಂಬ ಆಧಾರದ ಮೇಲೆ. ತೆರಿಗೆಯೇ ಇಲ್ಲದ ಮೇಲೆ ನೋಂದಣಿ ಯಾಕೆ ಅಂತ ಬಂದೂಕು ಸಂಘಟನೆಗಳು ಈಗ ಕೋರ್ಟ್ ಮೆಟ್ಟಿಲೇರಿವೆ. ನನ್ನ ಪ್ರಕಾರ ಘೋಸ್ಟ್ ಗನ್‌ಗಿಂತ ಹೆಚ್ಚು ಗಮನಿಸಬೇಕಾದ ಮೊಕದ್ದಮೆಗಳು ಇವೇ.

ನಮ್ಮಲ್ಲಿ ಈ ಗೊಂದಲವೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಡಿಭಾಗಗಳೂ ಶಸ್ತ್ರ, ಅವನ್ನು ತಯಾರಿಸುವ ಯಂತ್ರವೂ ಶಸ್ತ್ರ. ನಾವು ಕೇಳೋದು 'ಯಾವ ಭಾಗ' ಅಂತಲ್ಲ, 'ಯಾರ ಕೈಯಲ್ಲಿ' ಅಂತ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ವಿಸ್ತರಿಸಿರುವ ಲೈಸೆನ್ಸ್ ವಿನಾಯಿತಿ ಸಿಕ್ಕಿರುವುದು ಜನರಿಗೆ, ಬಂದೂಕಿನ ತುಂಡುಗಳಿಗಲ್ಲ. ಟೆಕ್ಸಾಸ್‌ನಲ್ಲಿರೋ ನಮ್ಮ ಹುಡುಗರೂ ಇದನ್ನು ತಿಳಿದಿರಬೇಕು. ಎಚ್-1ಬಿ ವೀಸಾದವರು ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಅಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆ ಒಂದು ಅಲ್ಯೂಮಿನಿಯಂ ಕವಚವೂ ಅದರಲ್ಲಿ ಸೇರುತ್ತದೆ. ಇನ್ನು ಅಲ್ಲಿ ಬರೀ ಕೊಳವೆಯಾಗಿದ್ದ ಬ್ಯಾರೆಲ್ಲನ್ನು ಲೈಸೆನ್ಸ್ ಇಲ್ಲದೆ ಸೂಟ್‌ಕೇಸಲ್ಲಿಟ್ಟು ತಂದರೆ, ದೇವನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಅದು ಶಸ್ತ್ರ.