ಗೂಢಚರ್ಯೆ ಧರ್ಮರಕ್ಷಣೆಯಲ್ಲ

2009ರ ಜನವರಿಯಲ್ಲಿ ಮಂಗಳೂರಿನ ಪಬ್‌ನಲ್ಲಿ ಯುವತಿಯರ ಮೇಲೆ ಹಲ್ಲೆ ನಡೆದಾಗ, 2012ರ ಜುಲೈಯಲ್ಲಿ ಪಡೀಲ್‌ನ ಹೋಂಸ್ಟೇಗೆ ಗುಂಪೊಂದು ನುಗ್ಗಿದಾಗ ನಾವು ಅದನ್ನು ಅನೈತಿಕ ಪೊಲೀಸ್‌ಗಿರಿ ಎಂದು ಖಂಡಿಸಿದೆವು. ಅನ್ಯರ ಖಾಸಗಿ ಬದುಕಿನೊಳಗೆ ಇಣುಕುವ ಅಧಿಕಾರವನ್ನು ನಿಮಗೆ ಕೊಟ್ಟವರಾರೆಂಬ ಪ್ರಶ್ನೆ ನ್ಯಾಯಯುತವಾಗಿತ್ತು. ಆ ಪ್ರಶ್ನೆಯನ್ನು ನಮ್ಮ ಮೊಹಲ್ಲಾಗಳಲ್ಲಿಯೂ ಕೇಳಬೇಡವೇ?

ಊರು ಬಿಟ್ಟು ನಗರದ ಕಾಲೇಜಿಗೆ ಸೇರಿದ ಹದಿನೆಂಟರ ತರುಣನೊಬ್ಬ, ತನ್ನ ಮನಸ್ಸು ಹೆಣ್ಣಿನತ್ತ ವಾಲದೆ ಗಂಡಿನತ್ತ ವಾಲುತ್ತಿರುವುದನ್ನು ಅರಿಯುತ್ತಾನೆ. ಇದು ಅವನು ಆರಿಸಿಕೊಂಡದ್ದಲ್ಲ. ಆದರೂ ಯಾರಲ್ಲಿ ಹೇಳಿಕೊಳ್ಳುವುದು? ಸಹಪಾಠಿಗಳು ಅವನ ನಡಿಗೆಗೆ, ದನಿಗೆ ಅಡ್ಡಹೆಸರಿಟ್ಟಾಗಿದೆ. ಹಾಸ್ಟೆಲ್‌ನಲ್ಲಿ ಮೊಬೈಲ್ ಕಸಿದು ಸಂದೇಶಗಳನ್ನು ಊರಿಗೆಲ್ಲ ಹಂಚಿಯಾರೆಂಬ ಭಯ. ಮನೆಯಲ್ಲಿ ತಿಳಿದರೆ ಓದು ನಿಲ್ಲುತ್ತದೆಂಬ ಆತಂಕ. ನಮಾಝ್‌ನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಾಗಲೂ ಅವನು ಒಂಟಿ.

ಸಲಿಂಗ ಸಂಬಂಧದ ಕುರಿತು ಉಲೆಮಾಗಳ ನಿಲುವೇನೆಂಬುದು ಓದುಗರಿಗೆ ತಿಳಿದೇ ಇದೆ. ಆದರೆ ಪವಿತ್ರ ಕುರ್‌ಆನ್ ಪರಿಹಾಸ್ಯವನ್ನೂ ಅಡ್ಡಹೆಸರನ್ನೂ (49:11), ಗೂಢಚರ್ಯೆಯನ್ನೂ ಪರದೂಷಣೆಯನ್ನೂ (49:12) ನಿಷೇಧಿಸಿದೆ. ಒಂದು ನಿಷೇಧದ ಹೆಸರಿನಲ್ಲಿ ಈ ನಾಲ್ಕನ್ನೂ ಮುರಿಯುವುದು ಯಾವ ಸೀಮೆಯ ಧರ್ಮನಿಷ್ಠೆ?

ಇದರ ಪರಿಣಾಮವನ್ನು ಅಲೀಗಢದಲ್ಲಿ ಕಂಡಿದ್ದೇವೆ. 2010ರ ಫೆಬ್ರವರಿಯಲ್ಲಿ ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್‌ರ ಮನೆಗೆ ಕ್ಯಾಮರಾ ಹಿಡಿದು ನುಗ್ಗಿ, ಇನ್ನೊಬ್ಬ ಪುರುಷನೊಂದಿಗಿದ್ದ ಅವರನ್ನು ಚಿತ್ರೀಕರಿಸಲಾಯಿತು. ವಿಶ್ವವಿದ್ಯಾಲಯ ಅವರನ್ನೇ ಅಮಾನತುಗೊಳಿಸಿತು. ಎಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ನೀಡಿತು. ಒಂದು ವಾರದೊಳಗೆ ಅವರು ಶವವಾಗಿ ಪತ್ತೆಯಾದರು. ಹುದ್ದೆ, ವಿದ್ವತ್ತುಗಳಿದ್ದ ಹಿರಿಯರ ಪಾಡು ಇದಾದರೆ ಹದಿನೆಂಟರ ಹುಡುಗನ ಪಾಡೇನು?

ಹೆತ್ತವರಿಗೆ ಸುಲಭವಾಗಿ ತೋಚುವ ಪರಿಹಾರ ಮದುವೆ. ತಂದೆಯು ಇಷ್ಟಕ್ಕೆ ವಿರುದ್ಧವಾಗಿ ಮಾಡಿಸಿದ ಮದುವೆಯ ಬಗ್ಗೆ ಖನ್ಸಾ ಬಿಂತ್ ಖಿದಾಮ್(ರ) ದೂರಿದಾಗ ಪ್ರವಾದಿ(ಸ)ರವರು ಅದನ್ನು ರದ್ದುಗೊಳಿಸಿದರು. ಸತ್ಯವನ್ನು ಮುಚ್ಚಿಟ್ಟು ಪಡೆದ ಸಮ್ಮತಿಗೆ ಏನು ಬೆಲೆ? ಮಗನ ಗುಟ್ಟಿಗೆ ಪರದೆಯಾಗಲು ಇನ್ನೊಬ್ಬರ ಮಗಳ ಬದುಕನ್ನು ಬಲಿಗೊಡುವುದು ನಿಕಾಹ್ ಅಲ್ಲ, ವಂಚನೆ. ಇನ್ನು ಚಿಕಿತ್ಸೆಯ ಮಾತು. ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿಯೇ ವೃತ್ತಿ ದುರ್ನಡತೆಯೆಂದು ಸಾರಿದೆ. ವೈದ್ಯನಿಗೇ ಸಲ್ಲದ್ದನ್ನು ಮಂತ್ರಿಸುವವನ ಕೈಗೊಪ್ಪಿಸುವುದು ಕ್ರೌರ್ಯ.

ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಮ್ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಆ ತೀರ್ಪನ್ನು ಒಪ್ಪದವರೂ ಒಪ್ಪಲೇಬೇಕಾದ ಮಾತೊಂದಿದೆ: ಕಾಲೇಜಿಗೆ ಹೋದ ಮಗ ಜೀವಂತವಾಗಿ ಮನೆಗೆ ಮರಳಬೇಕು, ಮರಳಿದಾಗ ಬಾಗಿಲು ತೆರೆದಿರಬೇಕು. ಖತೀಬರು ಮಿಂಬರ್‌ನಿಂದ ಇದನ್ನು ಹೇಳಲಿ. ಜಮಾಅತ್‌ಗಳು ಮೊಬೈಲ್ ಕಸಿಯುವ ಕೈಗಳನ್ನು ತಡೆಯಲಿ. ಪರಲೋಕದ ವಿಚಾರಣೆ ಅಲ್ಲಾಹನಿಗೆ ಸೇರಿದ್ದು. ಅದನ್ನು ಇಹದಲ್ಲಿಯೇ ಹಾಸ್ಟೆಲ್ ಕೋಣೆಯಲ್ಲಿ ನಡೆಸುವ ಹೊಣೆಯನ್ನು ಅವನು ಯಾರಿಗೂ ವಹಿಸಿಲ್ಲ.